ಗಂಗಾವತಿಯ ಜಗಳ ಗಂಗಾವತಿಗೇ

ಗಂಗಾವತಿ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದ.

ಪತ್ರ ನೋಡಿ ನಗಬೇಡ. ಫೋನಿನಲ್ಲಿ ಹೇಳಿದರೆ ‘ಹ್ಞೂಂ ಮಾವ, ಹ್ಞೂಂ ಮಾವ’ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ಮೊನ್ನೆ ಭಾನುವಾರ ರೊಟ್ಟಿ ತಟ್ಟೆ ಸರಿಸಿ ಎದ್ದೆಯಂತೆ. ಪಲ್ಲೆಗೆ ಉಪ್ಪು ಜಾಸ್ತಿ ಆಗಿತ್ತು ಅನ್ನೋದು ನೆಪ. ನಿಮ್ಮವ್ವ ಅಳಲಿಲ್ಲ, ದೂರಲೂ ಇಲ್ಲ. ‘ಆಫೀಸಿನಲ್ಲಿ ಏನೋ ಆಗಿದೆ, ನೀನಾದರೂ ಕೇಳು ಅಣ್ಣಾ’ ಅಂದಳು ಅಷ್ಟೇ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅದು ನಿನ್ನ ಭಾನುವಾರ.

ಕೌಂಟರ್ ಕೆಲಸ ಎಂಥದ್ದು ಅಂತ ನನಗೆ ಗೊತ್ತು. ಶಾಲೆ ಶುರುವಾಗುವ ಹೊತ್ತಿಗೆ ಜಾತಿ, ಆದಾಯದ ಪ್ರಮಾಣಪತ್ರಕ್ಕೆ ಬಾಗಿಲ ಆಚೆವರೆಗೆ ಸಾಲು. ಸರ್ವರ್ ನಿಲ್ಲುವುದು ಎಲ್ಲೋ, ಬೈಗುಳ ತಿನ್ನುವುದು ನೀನು. ನಾನೂ 31 ವರ್ಷ ಬಸ್ ಕಂಡಕ್ಟರಾಗಿ ಚಿಲ್ಲರೆಗಾಗಿ ಬೈಸಿಕೊಂಡವನೇ.

ನಿನಗೊಂದು ಹಳೇ ಪದ್ಧತಿ ಹೇಳುತ್ತೇನೆ. ಟಿಕೆಟ್ ಮಷಿನ್ ಬರುವ ಮೊದಲು ನಮ್ಮ ಕೈಲಿ ವೇಬಿಲ್ ಅಂತ ಟಿಕೆಟ್ ಲೆಕ್ಕದ ಹಾಳೆ ಇರುತ್ತಿತ್ತು. ಒಂದೊಂದು ಸ್ಟೇಜ್, ಅಂದರೆ ಟಿಕೆಟ್ ದರ ಬದಲಾಗುವ ಜಾಗ, ಬಂದಾಗಲೂ ಯಾವ ದರದ ಟಿಕೆಟ್ ಯಾವ ನಂಬರಿಗೆ ನಿಂತಿದೆ ಅಂತ ಬರೆಯಬೇಕು. ಅದಕ್ಕೆ ಸ್ಟೇಜ್ ಕ್ಲೋಸ್ ಮಾಡೋದು ಅಂತಿದ್ದೆವು. ಬಸ್ಸು ಕುಲುಕುತ್ತಿರಲಿ, ಯಾರಾದರೂ ಕಿರುಚುತ್ತಿರಲಿ, ಬರೆದೇ ಮುಂದಿನ ಟಿಕೆಟ್. ಬರೆಯದೆ ಬಿಟ್ಟರೆ ಹಿಂದಿನ ಸ್ಟೇಜಿನ ಲೆಕ್ಕ ಮುಂದಿನದರ ಜೊತೆ ಸೇರಿ ಎರಡೂ ಕೆಡುತ್ತವೆ. ಚೆಕಿಂಗ್‌ನವರು ಹತ್ತಿದರಂತೂ ಮುಗಿದೇ ಹೋಯಿತು.

ಟಿಕೆಟ್ ಲೆಕ್ಕದಲ್ಲಿ ನಾನು ಗಟ್ಟಿ ಇದ್ದೆ. ಸಿಟ್ಟಿನ ಲೆಕ್ಕದಲ್ಲಿ ಇರಲಿಲ್ಲ. ಒಂದು ಮೇ ತಿಂಗಳು, ಗಂಗಾವತಿ ಸ್ಟ್ಯಾಂಡಿನಲ್ಲಿ ಒಬ್ಬ ನೂರರ ನೋಟು ಹಿಡಿದು, ಚಿಲ್ಲರೆ ಇಲ್ಲ ಅಂದಿದ್ದಕ್ಕೆ ನನ್ನ ಅಪ್ಪನವರೆಗೂ ಹೋದ. ಬಸ್ಸು ಹೊರಟಿತು, ನನ್ನ ಜಗಳ ಸ್ಟ್ಯಾಂಡಿನಲ್ಲೇ ನಿಂತಿತ್ತು. ತಲೆಯಲ್ಲಿ ಅವನಿಗೆ ಉತ್ತರ ಕೊಡುತ್ತಲೇ ಇದ್ದೆ. ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಬುತ್ತಿ ಗಂಟು ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಮಗಳ ಬಾಣಂತನಕ್ಕೆ ಹೊರಟವಳು. ‘ಶ್ರೀರಾಮನಗರ ಬಂದರೆ ಹೇಳಪ್ಪ’ ಅಂತ ಎರಡು ಸಲ ಅಂದಿದ್ದಳು. ಶ್ರೀರಾಮನಗರ ದಾಟಿತು, ನನಗೆ ಸೀಟಿ ಊದುವುದೇ ನೆನಪಾಗಲಿಲ್ಲ. ಸಿದ್ದಾಪುರದಲ್ಲಿ ಅವಳು ಎದ್ದು ನಿಂತಾಗ ನೆನಪಾಯಿತು. ಮಧ್ಯಾಹ್ನ ಒಂದು ಗಂಟೆ, ನೆಲ ಕಾದ ಹಂಚು. ಆ ಬಿಸಿಲಲ್ಲಿ ಅವಳನ್ನು ಇಳಿಸಿ, ವಾಪಸ್ ಬಸ್ಸಿಗೆ ಕಾಯಿ ಅಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ‘ಇರ್ಲಿ ಬಿಡಪಾ, ನಿನಗೂ ಏನ್ ತ್ರಾಸ ಐತೋ ಏನೋ’ ಅಂದಳು. ನೂರರ ನೋಟಿನವನ ಮುಖ ಈಗ ನೆನಪಿಲ್ಲ. ಅವಳ ಗಂಟಿನ ಬಟ್ಟೆಯ ಬಣ್ಣ ಸಹ ನೆನಪಿದೆ.

ಅವತ್ತಿನಿಂದ ವೇಬಿಲ್ ಬರೆಯುವಾಗ ಇನ್ನೊಂದು ಲೆಕ್ಕ ಸೇರಿಸಿದೆ. ನಂಬರ್ ಬರೆದು, ಕಿಟಕಿ ಆಚೆ ನೋಡಿ, ಉಸಿರನ್ನು ಉದ್ದಕ್ಕೆ ಬಿಡುತ್ತಿದ್ದೆ. ಎಳೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನ ಇರಬೇಕು, ಆಗ ಎದೆಬಡಿತ ಇಳಿಯುತ್ತದೆ. ನಿನಗೆ ಟೋಕನ್ ನಂಬರ್ ಇದೆಯಲ್ಲ, ಅದೇ ನಿನ್ನ ಸ್ಟೇಜ್. 42ನೇ ಟೋಕನ್‌ನವನು ಕೂಗಾಡಿ ಹೋದ. ಅರ್ಧ ನಿಮಿಷ ತಗೊಂಡು ಆಮೇಲೆ 43 ಅನ್ನು. ಅರ್ಧ ನಿಮಿಷಕ್ಕೆ ಯಾವ ಸಾಲೂ ಬೆಳೆಯಲ್ಲ.

ನುಂಗಿಕೋ ಅಂತ ಹೇಳುತ್ತಿಲ್ಲ. ನಮಗೆ ದಿನದ ಕೊನೆಗೆ ಡಿಪೋದಲ್ಲಿ ಕ್ಯಾಷ್ ಕಟ್ಟುವ ಹೊತ್ತು ಇರುತ್ತಿತ್ತು. ಕಮ್ಮಿ ಬಿದ್ದರೆ ಜೇಬಿನಿಂದ ತುಂಬಿ ಮನೆಗೆ ಹೋಗಬೇಕು. ನೀನೂ ರೂಮಿಗೆ ಹೋಗುವ ಮೊದಲು ಹತ್ತು ನಿಮಿಷ ಯಾರ ಹತ್ತಿರವಾದರೂ ದಿನವನ್ನು ಹೇಳಿ ಮುಗಿಸು. ಯಾರೂ ಸಿಗದಿದ್ದರೆ ಡೈರಿಯಲ್ಲಿ ಬರಿ. ನನಗೂ ಫೋನ್ ಮಾಡಬಹುದು, ರಾತ್ರಿ ಒಂಬತ್ತರೊಳಗೆ.

ಇನ್ನೊಂದು ವಿಷಯ. ಹೇಳಲು ಸ್ವಲ್ಪ ನಾಚಿಕೆ. ದಾರಿಯಲ್ಲಿ ಶೌಚಾಲಯ ಸಿಗಲ್ಲ ಅಂತ ನಾನು ನೀರೇ ಕುಡಿಯುತ್ತಿರಲಿಲ್ಲ, ಚಹಾ ಮಾತ್ರ ಏಳೆಂಟು ಸಲ. ಕೊನೆಗೆ ಕಿಡ್ನಿ ಸ್ಟೋನ್ ಆಯಿತು. ಡಾಕ್ಟರ್ ಮಾತು ಕೇಳಿ ನೀರು ಶುರು ಮಾಡಿದ ಮೇಲೆ ಮಧ್ಯಾಹ್ನದ ಪ್ರಯಾಣಿಕರೆಲ್ಲ ಒಳ್ಳೆಯವರಾಗಿಬಿಟ್ಟರು! ನೀನಿರುವ ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಲೆ ಕಾದಾಗ ಮೊದಲು ಬಾಟಲಿ ನೋಡು, ಊಟ ಮಾಡಿದೆಯಾ ಅಂತ ನೋಡು. ಸಂಜೆ ಆರರ ಮೇಲೆ ಚಹಾ ಬೇಡ, ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಮರುದಿನ ಎಲ್ಲರೂ ವೈರಿಗಳೇ.

ದೊಡ್ಡ ಗಾಬರಿ ಬಂದಾಗ ನನಗೆ ನೆನಪಾಗುವುದು ನಮ್ಮ ತುಂಗಭದ್ರಾ ಡ್ಯಾಮು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತಲ್ಲ, ಇಲ್ಲಿ ಭತ್ತ ಹಚ್ಚಿದವರು ಯಾರೂ ನಿದ್ದೆ ಮಾಡಲಿಲ್ಲ. ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಗೇಟು, ಇಳಿಸಿತು. ಇಡೀ ಗೇಟಲ್ಲ, ಐದು ತುಂಡು, ಒಂದಾದ ಮೇಲೆ ಒಂದು. ಒಂದು ವಾರದಲ್ಲಿ ನೀರು ನಿಂತಿತು. ಅವತ್ತು ಇಲ್ಲಿ ಕೂತು ಕೂಗಾಡಿದವರಲ್ಲಿ ನಾನೂ ಒಬ್ಬ, ಒಂದು ಬಕೆಟ್ ನೀರು ಉಳಿಸಲಿಲ್ಲ.

ಇಷ್ಟೆಲ್ಲ ಮಾಡಿಯೂ ಎರಡು ವಾರ ನಿದ್ದೆ ಬರದೆ, ಯಾವುದೂ ಬೇಡ ಅನ್ನಿಸಿದರೆ ಮುಚ್ಚಿಡಬೇಡ. ಟೆಲಿ ಮಾನಸ್ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಹಲ್ಲು ನೋವಿಗೆ ಡಾಕ್ಟರ್ ಹತ್ತಿರ ಹೋಗಲ್ವಾ, ಹಾಗೆ.

ಶನಿವಾರ ಬಸ್ ಹತ್ತುವ ಮೊದಲು ನಿಮ್ಮವ್ವನಿಗೆ ಫೋನ್ ಮಾಡಿ ಏನು ಅಡುಗೆ ಬೇಕು ಅಂತ ಹೇಳು. ತಟ್ಟೆಯ ವಿಷಯ ಎತ್ತಬೇಕಿಲ್ಲ, ಅವಳಿಗೆ ಅರ್ಥವಾಗುತ್ತದೆ. ಪುಂಡಿಪಲ್ಲೆ ಅಂದರೆ ನನಗೂ ಒಂದು ಡಬ್ಬಿ ಬರುತ್ತದೆ.

ಇಂತಿ,
ನಿನ್ನ ಮಾವ