ಒಂದೇ ಮೊಳೆಗೆ ಎರಡು ಬೀಗದ ಕೈ: ಸಹಕಾರ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಸಹಕಾರ ಸಚಿವರಿಗೆ,

ಮಂಡ್ಯದಿಂದ ನಮಸ್ಕಾರಗಳು.

ಕಳೆದ ತಿಂಗಳು ಪರಿಚಯದವರೊಬ್ಬರು ಅಡವಿಟ್ಟ ಒಡವೆ ಬಿಡಿಸಿಕೊಳ್ಳಲು ಹೊರಟಾಗ ಅವರ ಜೊತೆ ನಮ್ಮ ಕಡೆಯ ಒಂದು ಪತ್ತಿನ ಸಹಕಾರ ಸಂಘಕ್ಕೆ ಹೋಗಿದ್ದೆ. ಖಜಾನೆಗೆ ಎರಡು ಬೀಗ. ಒಂದರ ಕೈ ಕಾರ್ಯದರ್ಶಿಯ ಬಳಿ, ಇನ್ನೊಂದರದು ನಗದು ಗುಮಾಸ್ತರ ಬಳಿ ಇರಬೇಕು. ಗುಮಾಸ್ತರು ಅಂದು ನೆಂಟರ ಮದುವೆಗೆ ಹೋಗಿದ್ದರು. ಆದರೂ ಖಜಾನೆ ತೆರೆಯಿತು. ಕಾರ್ಯದರ್ಶಿಯವರು ಗೋಡೆಯ ಕ್ಯಾಲೆಂಡರ್ ಸರಿಸಿದರು. ಹಿಂದೆ ಒಂದೇ ಮೊಳೆಗೆ ಎರಡೂ ಬೀಗದ ಕೈಗಳು ನೇತಾಡುತ್ತಿದ್ದವು. ಕಂಪ್ಯೂಟರಿನ ಪಾಸ್‌ವರ್ಡ್ ಮೇಜಿನ ಗಾಜಿನಡಿ, ಚಾಮುಂಡೇಶ್ವರಿಯ ಪಟದ ಪಕ್ಕ, ಚೀಟಿಯಲ್ಲಿತ್ತು. ಒಡವೆ ತೂಕ ತಪ್ಪದೆ ಕೈಸೇರಿತು. ಕಾರ್ಯದರ್ಶಿಯವರು ಪ್ರಾಮಾಣಿಕರು, ಕಾಫಿಯನ್ನೂ ತರಿಸಿಕೊಟ್ಟರು. ಮನೆಗೆ ಬಂದ ಮೇಲೂ ಆ ಮೊಳೆ ಮಾತ್ರ ನನ್ನ ಕಣ್ಣಿಂದ ಹೋಗಲಿಲ್ಲ.

ಮೂವತ್ತು ವರ್ಷ ಬ್ಯಾಂಕ್ ಶಾಖೆಗಳ ತಪಾಸಣೆ ಮಾಡಿ ನಿವೃತ್ತನಾದವನು ನಾನು. ಸಾಲ ವಸೂಲಾಗದ ಅಪಾಯ ಎಲ್ಲರಿಗೂ ಗೊತ್ತು. ಆಡಳಿತ ಮಂಡಳಿಯ ಸಭೆಯಲ್ಲಿ ಸುಸ್ತಿಯ ಮಾತೇ ಮಾತು. ಮೊಳೆಯ ಅಪಾಯಕ್ಕೆ ಅಲ್ಲಿ ಹೆಸರೇ ಇಲ್ಲ. ಬ್ಯಾಂಕಿನವರು ಅದನ್ನು ಕಾರ್ಯನಿರ್ವಹಣಾ ಅಪಾಯ ಎನ್ನುತ್ತಾರೆ. ಕೆಲಸದ ಕ್ರಮ ಕೆಟ್ಟು, ಜನ ತಪ್ಪಿ, ಯಂತ್ರ ಕೈಕೊಟ್ಟು ಅಥವಾ ಹೊರಗಿನ ಅನಾಹುತದಿಂದ ಆಗುವ ನಷ್ಟ ಎಂದು ಬಾಸೆಲ್ ಸಮಿತಿ, ಅಂದರೆ ಬ್ಯಾಂಕುಗಳಿಗೆ ಸುರಕ್ಷತೆಯ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಮಿತಿ, ಅದನ್ನು ವಿವರಿಸಿತು. 2004ರ ಬಾಸೆಲ್ ನಿಯಮಗಳು ಈ ನಷ್ಟಕ್ಕೂ ಬ್ಯಾಂಕುಗಳು ಬಂಡವಾಳ ಕಾದಿಡಬೇಕೆಂದವು. ಅತಿ ಸರಳ ವಿಧಾನದಲ್ಲಿ ಮೂರು ವರ್ಷಗಳ ಸರಾಸರಿ ಒಟ್ಟು ಆದಾಯದ ಶೇ 15ರಷ್ಟು. ಒರಟು ಲೆಕ್ಕ, ಒಪ್ಪುತ್ತೇನೆ. ಆದಾಯ ಹೆಚ್ಚಿದ ಮಾತ್ರಕ್ಕೆ ಅಜಾಗರೂಕತೆಯೂ ಹೆಚ್ಚುತ್ತದೆಯೇ? ಅದಕ್ಕೇ ಹೊಸ ವಿಧಾನ ಬ್ಯಾಂಕಿನ ಹಿಂದಿನ ಹತ್ತು ವರ್ಷಗಳ ನಷ್ಟದ ದಾಖಲೆಯನ್ನೂ ಕೇಳುತ್ತದೆ.

ನಮ್ಮ ಸಂಘಗಳಲ್ಲಿ ಹತ್ತು ವರ್ಷ ಹಾಗಿರಲಿ, ಹತ್ತು ದಿನದ ದಾಖಲೆಯೂ ಸಿಗಲಿಕ್ಕಿಲ್ಲ. ನಷ್ಟ ಆಗುವುದಿಲ್ಲವೆಂದಲ್ಲ. ನಾನು ಸದಸ್ಯನಾಗಿರುವ ಸಂಘದಲ್ಲೇ ನಡೆದದ್ದು ಹೇಳುತ್ತೇನೆ. ಒಂದೇ ಊರು, ಒಂದೇ ಹೆಸರು, ತಂದೆಯ ಹೆಸರೂ ಒಂದೇ ಆದ ಇಬ್ಬರು ರೈತರು. ಒಬ್ಬರು ಕಬ್ಬಿನ ಬಟವಾಡೆ ಬಂದ ದಿನವೇ ಬೆಳೆಸಾಲ ಕಟ್ಟಿದರು. ಹಣ ಇನ್ನೊಬ್ಬರ ಖಾತೆಗೆ ಜಮೆಯಾಯಿತು. ಕಟ್ಟಿದವರಿಗೆ ಸುಸ್ತಿ ನೋಟಿಸು, ಕಟ್ಟದವರಿಗೆ ಬಾಕಿಯಿಲ್ಲದ ಪ್ರಮಾಣಪತ್ರ! ಗಡುವು ದಾಟಿತೆಂದು ಬಡ್ಡಿರಹಿತ ಸಾಲಕ್ಕೂ ಬಡ್ಡಿ ಬಿತ್ತು. ಮೂರು ತಿಂಗಳು ಅಲೆದು ರಸೀದಿ ತೋರಿಸಿದ ಮೇಲೆ ಸರಿಹೋಯಿತು. ಆ ತಪ್ಪು ಎಲ್ಲಿ ದಾಖಲಾಯಿತು ಗೊತ್ತೇ? ಎಲ್ಲಿಯೂ ಇಲ್ಲ. ಒಂದು ತಿದ್ದುಪಡಿ ವೋಚರ್ ಬರೆದು ಕೈತೊಳೆದುಕೊಂಡರು. ಪಕ್ಕದ ಊರಿನ ಸಂಘದಲ್ಲಿ ಅದೇ ತಪ್ಪು ಇಂದೂ ಆಗುತ್ತಿರಬಹುದು.

ಬರೆದರೆ ಪೆಟ್ಟು ಎಂಬುದು ಸಿಬ್ಬಂದಿಗೆ ಗೊತ್ತು. ಲೆಕ್ಕಪರಿಶೋಧನೆಯ ವರ್ಗೀಕರಣದಲ್ಲಿ ‘ಎ’ ಹೋಗಿ ‘ಬಿ’ ಆಗುತ್ತದೆ, ಮಹಾಸಭೆಯಲ್ಲಿ ಮುಖಭಂಗ. ಆದ್ದರಿಂದ ಸಣ್ಣದನ್ನು ಮುಚ್ಚುತ್ತಾರೆ. ದೊಡ್ಡದಾದ ಮೇಲೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನ ವಿಚಾರಣೆ. ಅಷ್ಟು ಹೊತ್ತಿಗೆ ಚಿನ್ನದ ಪೊಟ್ಟಣದಲ್ಲಿ ಹಿತ್ತಾಳೆ ಸಿಕ್ಕಿರುತ್ತದೆ.

ಕಂಪ್ಯೂಟರ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಅಳವಡಿಸುವ ಕೇಂದ್ರದ ಗಣಕೀಕರಣ ಯೋಜನೆ 2022ರಲ್ಲಿ ಮಂಜೂರಾಯಿತು, ಒಳ್ಳೆಯದೇ. ಆದರೆ 2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣ ನೆನಪಿರಲಿ. ಅಲ್ಲಿ ಕಂಪ್ಯೂಟರಿಗೆ ಬರವಿರಲಿಲ್ಲ. ವಿದೇಶಕ್ಕೆ ಸಂದೇಶ ಕಳುಹಿಸುವ ಸ್ವಿಫ್ಟ್ ವ್ಯವಸ್ಥೆಗೂ ಬ್ಯಾಂಕಿನ ಲೆಕ್ಕದ ವ್ಯವಸ್ಥೆಗೂ ಕೊಂಡಿಯಿರಲಿಲ್ಲ, ಒಬ್ಬರೇ ಅಧಿಕಾರಿ ವರ್ಷಗಟ್ಟಲೆ ಒಂದೇ ಕುರ್ಚಿಯಲ್ಲಿದ್ದರು. ಅವರು ನಿವೃತ್ತರಾಗಿ ಹೊಸಬರು ಕೂತ ಮೇಲೆಯೇ 13,000 ಕೋಟಿ ರೂಪಾಯಿಗೂ ಮೀರಿದ ವಂಚನೆ ಹೊರಬಿತ್ತು. ಸೂಕ್ಷ್ಮ ಜಾಗದಲ್ಲಿರುವ ನೌಕರರನ್ನು ವರ್ಷಕ್ಕೊಮ್ಮೆ ಮುನ್ಸೂಚನೆಯಿಲ್ಲದೆ ಕನಿಷ್ಠ ಹತ್ತು ಕೆಲಸದ ದಿನ ರಜೆಗೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ನಮ್ಮ ಸಂಘಗಳಲ್ಲಿ ಕಾರ್ಯದರ್ಶಿ ಹತ್ತು ದಿನ ರಜೆ ಹಾಕಿದರೆ ಬಾಗಿಲು ತೆರೆಯುವವರೇ ಇರುವುದಿಲ್ಲ ಎಂಬುದು ನನಗೂ ಗೊತ್ತು. ಪಕ್ಕದ ಎರಡು ಸಂಘಗಳ ಕಾರ್ಯದರ್ಶಿಗಳು ಹತ್ತು ದಿನ ಅದಲುಬದಲಾಗಲಿ. ಚಿನ್ನ ಉಜ್ಜಿ ನೋಡುವ ಸರಾಫರೂ ಹಾಗೆಯೇ.

ಮುಖ್ಯವಾಗಿ ನಾನು ಕೇಳುವುದು ಒಂದು ಪುಸ್ತಕ. ಪ್ರತಿ ಸಂಘದಲ್ಲೂ ತಪ್ಪಿನ ದಾಖಲೆ ಇರಲಿ. ಏನಾಯಿತು, ಎಷ್ಟು ಹೋಯಿತು ಅಥವಾ ಹೋಗುವುದರಲ್ಲಿತ್ತು, ಯಾಕಾಯಿತು. ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಬರೆಯಲಿ; ಅದಕ್ಕೆ ಖರ್ಚಿಲ್ಲ, ಕಲಿಯುವುದು ಬಹಳ. ತಾವೇ ಬರೆದುಕೊಂಡ ತಪ್ಪಿಗೆ ವರ್ಗ ಇಳಿಸಬಾರದು, ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ಇಳಿಸಬೇಕು ಎಂದು ಲೆಕ್ಕಪರಿಶೋಧಕರಿಗೆ ಸುತ್ತೋಲೆ ಹೋಗಲಿ. ವರ್ಷದ ಕೊನೆಗೆ ಜಿಲ್ಲೆಯ ಪುಸ್ತಕಗಳನ್ನೆಲ್ಲ ಒಟ್ಟುಗೂಡಿಸಿದರೆ ನಷ್ಟ ಪಿಗ್ಮಿಯಲ್ಲೋ, ಒಡವೆ ಸಾಲದಲ್ಲೋ, ಗೊಬ್ಬರದ ದಾಸ್ತಾನಿನಲ್ಲೋ ಎಂಬುದು ಅಂಕಿಯಲ್ಲಿ ಕಾಣುತ್ತದೆ. ಈಗ ಅದು ಊಹೆ, ಹೆಚ್ಚೆಂದರೆ ಕಟ್ಟೆಯ ಮೇಲಿನ ಹರಟೆ.

ಬ್ಯಾಂಕಿನಲ್ಲಿಟ್ಟ ಹಣಕ್ಕೆ 2020ರ ಫೆಬ್ರುವರಿಯಿಂದ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘದ ಠೇವಣಿಗೆ ಆ ವಿಮೆಯಿಲ್ಲ. ಮಗಳ ಮದುವೆಗೆಂದು ಹಾಲಿನ ದುಡ್ಡು ಕೂಡಿಟ್ಟ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಲ್ಲ.

ಪುಸ್ತಕದ ಒಂದು ನಮೂನೆಯನ್ನು, ಅರ್ಧ ಪುಟದ್ದು, ಈ ಪತ್ರದೊಂದಿಗೆ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಮಂಡ್ಯ ಜಿಲ್ಲೆಯ ನಾಲ್ಕೈದು ಸಂಘಗಳಲ್ಲಿ ಒಂದು ವರ್ಷ ಪ್ರಯೋಗ ಮಾಡುವುದಾದರೆ ತುಂಬುವ ಕ್ರಮ ಹೇಳಿಕೊಡಲು ನಾನು ಸಂಬಳವಿಲ್ಲದೆ ಬರುತ್ತೇನೆ. ಬಸ್ ಚಾರ್ಜನ್ನೂ ಕೇಳುವುದಿಲ್ಲ.

ತಮ್ಮ ವಿಶ್ವಾಸಿ,
ಮಂಡ್ಯದ ಒಬ್ಬ ನಿವೃತ್ತ ಬ್ಯಾಂಕ್ ತಪಾಸಣಾಧಿಕಾರಿ