ಈ ಸಲದಿಂದ ಮಿಡಿ ಉಪ್ಪಿನಕಾಯಿಗೆ ಮುಂಗಡ ಯಾಕೆ?

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಈ ವರ್ಷದಿಂದ ನಮ್ಮ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಅಂಗಡಿಗಳಲ್ಲಿ ಸಿಗುವುದಿಲ್ಲ. ಮರ ಹೂ ಬಿಡುವ ಮೊದಲೇ ಅರ್ಧ ಹಣ ಕೊಟ್ಟು ಹೆಸರು ಬರೆಸಿದವರಿಗೆ ಮಾತ್ರ ಕಳಿಸುತ್ತೇವೆ.

ಕಳೆದ ಸಲ ಹೂವಿನ ಹೊತ್ತಿಗೆ ಮಳೆ ಹೊಡೆದು, ಒಪ್ಪಿಕೊಂಡಷ್ಟು ಕೊಡಲಾಗಲಿಲ್ಲ. ಮಳೆ ನಮ್ಮ ಕೈಲಿರಲಿಲ್ಲ. ನಿಮಗೆ ಬೇಗ ತಿಳಿಸುವುದು ಕೈಲಿತ್ತು, ತಿಳಿಸಲಿಲ್ಲ. ತಪ್ಪಾಯಿತು, ಕ್ಷಮಿಸಿ.

ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ: "ಪೇಟೆಯಲ್ಲಿ ಅರ್ಧ ಬೆಲೆಗೆ ಮಿಡಿ ಸಿಗುತ್ತದೆ, ನಿಮ್ಮದಕ್ಕೆ ಯಾಕೆ ಇಷ್ಟು?" ಈ ಮಾತಿಗೆ ನಿಜಕ್ಕೂ ನೋವಾಗುತ್ತದೆ. ಅಘನಾಶಿನಿ ಹೊಳೆ ಬದಿಯ ಮರಗಳನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಎಷ್ಟು ಎತ್ತರ ಅಲ್ವಾ? ಮಿಡಿ ನೆಲಕ್ಕೆ ಬೀಳಬಾರದು. ಪೆಟ್ಟು ತಿಂದ ಒಂದು ಮಿಡಿ ಉಪ್ಪುನೀರಿನಲ್ಲಿ ಕೊಳೆತರೆ ಇಡೀ ಭರಣಿ ಹಾಳು. ತೊಟ್ಟೂ ಮುರಿಯಬಾರದು, ಸೊನೆ ಸೋರಿದರೆ ಪರಿಮಳವೂ ಹೋಯಿತು. ಒಂದೊಂದೇ ಕೊಯ್ದು, ಚೀಲಕ್ಕೆ ಹಾಕಿ, ಹಗ್ಗದಲ್ಲಿ ಇಳಿಸಬೇಕು. ಮರ ಹತ್ತುವವರು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಅವರ ಕೂಲಿಯಲ್ಲಿ ಚೌಕಾಸಿ ಮಾಡಲು ನಮಗೆ ಮನಸ್ಸು ಬರುವುದಿಲ್ಲ.

ಕಡಿಮೆ ಬೆಲೆಯ ಮಿಡಿ ಎಷ್ಟೋ ಸಲ ಹೇಗೆ ಬರುತ್ತದೆ ಗೊತ್ತಾ? ಕೊಂಬೆಯನ್ನೇ ಕಡಿದು ಕೆಡವಿ, ಕೆಳಗೆ ಕೂತು ಕೊಯ್ಯುತ್ತಾರೆ. ಮುಂದಿನ ವರ್ಷ ಆ ಕೊಂಬೆಯೇ ಇರುವುದಿಲ್ಲ. ಒಳ್ಳೆಯ ಮರ ಹೋದರೆ ಗೊರಟೆ ನೆಟ್ಟು ಅದೇ ರುಚಿ ತರಲಾಗದು. ಕಸಿ ಕಟ್ಟಲೂ ಆ ಮರದ ಕಡ್ಡಿಯೇ ಬೇಕು. ಅಪ್ಪೆಮಿಡಿಗೆ ಈ ನೆಲದ್ದೇ ಬೆಳೆ ಎನ್ನುವ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಹೆಮ್ಮೆಯೇ. ಆದರೆ ಮರ ಕಾಯುವವರು ನಾವು ನೀವೇ.

ಮುಂಗಡದ ಅರ್ಧ ಭಾಗ ಮರದ ಮನೆಯವರಿಗೆ ಹೋಗುತ್ತದೆ, ಗುತ್ತಿಗೆಯವರು ಬಂದು ಮರ ಹಿಡಿಯುವ ಮೊದಲೇ. ಹೂ ಉದುರಿಹೋದರೂ ಆ ಹಣ ವಾಪಸ್ ಬರುವುದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇವೆ. ಉಳಿದರ್ಧ ಪೂರ್ತಿ ನಿಮಗೆ ವಾಪಸ್. ಇಷ್ಟು ವರ್ಷ ಈ ನಷ್ಟವನ್ನು ಮರದ ಮನೆಯವರೊಬ್ಬರೇ ಹೊತ್ತಿದ್ದಾರೆ.

ಕೊಯ್ಲಿಗೆ ಬನ್ನಿ. ಎಲ್ಲಾದರೂ ಕೊಂಬೆ ಕಡಿದದ್ದು ಕಂಡರೆ ಅಲ್ಲೇ ನಮ್ಮನ್ನು ಕೇಳಿ. ಮಳೆ ಹಿಡಿದಾಗ ಕಸಿಗಿಡ ನೆಡಲು ಜನ ಬೇಕು, ಮಕ್ಕಳನ್ನೂ ಕರೆತನ್ನಿ. ಊಟ ನಮ್ಮಲ್ಲೇ.

ಮುಂಗಡ ಕೊಡುವುದು ಕಷ್ಟವಾದರೆ ಸಂಕೋಚ ಬೇಡ, ಒಂದು ಫೋನ್ ಮಾಡಿ. ಅಜ್ಜಿಗೆ ಜೀರಿಗೆ ಮಿಡಿಯೇ (ಜೀರಿಗೆ ಪರಿಮಳದ ಮಿಡಿ) ಆಗಬೇಕು ಅಂತ ಪ್ರತಿವರ್ಷ ತರಿಸುವ ಮನೆಗಳು ನಮಗೆ ನೆನಪಿವೆ. ಮಿಡಿ ಸಿಕ್ಕರೆ ಮೊದಲು ಅವರದ್ದನ್ನು ತೆಗೆದಿಡುತ್ತೇವೆ.

ಹೆಸರು ಬರೆಸಲು ದೀಪಾವಳಿವರೆಗೆ ಸಮಯವಿದೆ.

ಇಂತಿ,
ನಿಮ್ಮ ಸಂಘದವರು
ಸಿದ್ದಾಪುರ, ಉತ್ತರ ಕನ್ನಡ