ಟ್ರೇಲರ್ ಹಿಚ್: ತೂಕದ ಲೆಕ್ಕ ತಪ್ಪದಿರಲಿ

ಮಾನ್ಯ ಸಂಪಾದಕರೇ,

ಪಿಕಪ್ ವಾಹನಕ್ಕೆ ಟ್ರೇಲರ್ ಹಿಚ್, ಅಂದರೆ ಟ್ರೇಲರ್ ಎಳೆಯಲು ಹಿಂಭಾಗದಲ್ಲಿ ಕೂರಿಸುವ ಉಕ್ಕಿನ ಕೊಂಡಿ, ಹಾಕಿಸಿಕೊಳ್ಳುವ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಬರಹ ಉಪಯುಕ್ತವಾಗಿತ್ತು. ಆದರೆ ಟ್ರೇಲರಿನ ತೂಕಕ್ಕಿಂತ ಹೆಚ್ಚು ಸಾಮರ್ಥ್ಯದ ಹಿಚ್ ಕೊಂಡರೆ ಸಾಕು ಎಂಬ ಅದರ ಸಲಹೆ ಅರ್ಧ ಮಾತ್ರ ಸರಿ. ಹಿಚ್ಚಿನ ಮೇಲೆ 3,500 ಕಿಲೋ ಎಂದು ಬರೆದಿದ್ದು, ವಾಹನದ ಕೈಪಿಡಿಯಲ್ಲಿ 2,500 ಕಿಲೋಗಿಂತ ಹೆಚ್ಚು ಎಳೆಯಬಾರದೆಂದು ಇದ್ದರೆ, ಮಿತಿ 2,500 ಕಿಲೋ ಮಾತ್ರ. ವಾಹನ, ಹಿಚ್, ಟ್ರೇಲರ್ ಕೂರುವ ಉಕ್ಕಿನ ಗುಂಡು (ಬಾಲ್), ಅದನ್ನು ಹಿಚ್ಚಿಗೆ ಸೇರಿಸುವ ಬಾಲ್ ಮೌಂಟ್, ಬಾಲನ್ನು ಹಿಡಿದುಕೊಳ್ಳುವ ಟ್ರೇಲರಿನ ಕಪ್ಲರ್ ಇವುಗಳಲ್ಲಿ ಯಾವುದರ ಸಾಮರ್ಥ್ಯ ಎಲ್ಲಕ್ಕಿಂತ ಕಡಿಮೆಯೋ ಅದೇ ಇಡೀ ಜೋಡಣೆಯ ಸಾಮರ್ಥ್ಯ. ಗಟ್ಟಿ ಹಿಚ್ ಹಾಕಿಸಿದ ಮಾತ್ರಕ್ಕೆ ಬ್ರೇಕಿಗಾಗಲಿ ಗೇರ್‌ಬಾಕ್ಸಿಗಾಗಲಿ ಹೊಸ ಶಕ್ತಿ ಬರುವುದಿಲ್ಲ.

ಬರಹದಲ್ಲಿ ಪ್ರಸ್ತಾಪವೇ ಆಗದಿದ್ದ ಸಂಗತಿ ಮೂಕಿಭಾರ, ಅಂದರೆ ಟ್ರೇಲರಿನ ಮುಂದಕ್ಕೆ ಚಾಚಿದ ಮೂಕಿ ಬಾಲಿನ ಮೇಲೆ ಕೆಳಮುಖವಾಗಿ ಹೇರುವ ಭಾರ. ಸಾಮಾನು ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಅಲ್ಲಿ ಕೂರಬೇಕೆಂಬುದು ಅಮೆರಿಕದಲ್ಲಿ ಪಾಲಿಸುವ ಲೆಕ್ಕ. ಯುರೋಪಿನಲ್ಲಿ ಇದಕ್ಕಿಂತ ಕಡಿಮೆ ಇಟ್ಟುಕೊಳ್ಳುತ್ತಾರೆ. ಇದು ತೀರಾ ಕಡಿಮೆಯಾದರೆ ಟ್ರೇಲರ್ ವೇಗದಲ್ಲಿ ಅತ್ತಿತ್ತ ಹೊಯ್ದಾಡಿ, ಎಳೆಯುವ ವಾಹನವನ್ನೂ ತನ್ನೊಂದಿಗೆ ಓಲಾಡಿಸುತ್ತದೆ. ಹೆಚ್ಚಾದರೆ ಆಗುವ ತೊಂದರೆ ಕಣ್ಣಿಗೆ ಅಷ್ಟು ಬೇಗ ಕಾಣುವಂಥದ್ದಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3 ಮೀಟರ್ ಅಂತರವಿರುವ ಪಿಕಪ್ಪಿನಲ್ಲಿ ಬಾಲ್ ಹಿಂದಿನ ಆಕ್ಸಲಿನಿಂದ 1.2 ಮೀಟರ್ ಆಚೆ ಇದ್ದು, ಅದರ ಮೇಲೆ 250 ಕಿಲೋ ಬಿದ್ದರೆ, ಹಿಂದಿನ ಆಕ್ಸಲ್ ಹೊರುವುದು 250 ಅಲ್ಲ, 350 ಕಿಲೋ. ಹೆಚ್ಚುವರಿ 100 ಕಿಲೋ ಮುಂದಿನ ಚಕ್ರಗಳಿಂದ ಕಳೆದುಹೋಗಿರುತ್ತದೆ, ಮತ್ತು ಸ್ಟಿಯರಿಂಗಿನ ಮಾತು ಕೇಳುವುದು ಆ ಚಕ್ರಗಳೇ. ಜೊತೆಗೆ ಈ 250 ಕಿಲೋವನ್ನು ಪಿಕಪ್ ಹೊರಬಹುದಾದ ಸಾಮಾನು ಮತ್ತು ಜನರ ಲೆಕ್ಕದಿಂದಲೇ ಕಳೆಯಬೇಕು. ಚಿಕ್ಕ ಟ್ರೇಲರಾದರೆ ಮೂಕಿಯನ್ನು ಅದರ ಎಂದಿನ ಎತ್ತರದಲ್ಲಿಯೇ ಒಂದು ತೂಕದ ಯಂತ್ರದ ಮೇಲೆ ಇರಿಸಿ ಇದನ್ನು ಮನೆಯಲ್ಲೇ ಅಳೆಯಬಹುದು.

ಬಾಲಿನ ಅಳತೆಯಲ್ಲಿ ‘ಹೆಚ್ಚುಕಡಿಮೆ’ ಎಂಬುದಕ್ಕೆ ಅವಕಾಶವಿಲ್ಲ. 2 ಅಂಗುಲದ ಬಾಲಿನ ಮೇಲೆ 2 5/16 ಅಂಗುಲದ ಕಪ್ಲರ್ ಕೂರುತ್ತದೆ, ಚಿಲಕವೂ ಬೀಳುತ್ತದೆ. ರಸ್ತೆಯ ಉಬ್ಬೊಂದರ ಮೇಲೆ ಅದು ಹಾರಿ ಬಿಡಿಸಿಕೊಳ್ಳುವವರೆಗೂ ಎಲ್ಲ ಸರಿಯಾಗಿದೆ ಎಂದೇ ಅನಿಸುತ್ತದೆ.

ಜೋಡಣೆಯ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳುತ್ತೇನೆ. ನನ್ನ ಮೊದಲ ಪಿಕಪ್ಪಿಗೆ ಹಿಚ್ಚನ್ನು ಚಾಸಿಗೆ (ವಾಹನದ ಅಡಿಚೌಕಟ್ಟಿಗೆ) ವೆಲ್ಡ್ ಮಾಡಿಸಿದ್ದೆ, ಬೋಲ್ಟಿಗಿಂತ ಅದು ಗಟ್ಟಿ ಎಂಬ ನಂಬಿಕೆಯಿಂದ. ವರ್ಷ ತುಂಬುವುದರೊಳಗೆ ವೆಲ್ಡಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಂಡಿತು. ವೆಲ್ಡಿಂಗಿನ ಕಾವು ಪಕ್ಕದ ಉಕ್ಕಿನ ಗುಣವನ್ನೇ ಬದಲಿಸುತ್ತದೆ, ಪದೇ ಪದೇ ಬೀಳುವ ಜಗ್ಗಾಟಕ್ಕೆ ಬಿರುಕು ಹುಟ್ಟುವುದು ಅಲ್ಲಿಯೇ ಎಂದು ಆಮೇಲೆ ತಿಳಿಯಿತು. ಆಯಾ ಮಾದರಿಗೆಂದೇ ತಯಾರಾದ ಹಿಚ್ಚುಗಳು ಸಾಮಾನ್ಯವಾಗಿ ಚಾಸಿಯಲ್ಲಿ ಮೊದಲೇ ಇರುವ ರಂಧ್ರಗಳಿಗೆ ಹೊಂದುತ್ತವೆ. ಜೊತೆಗೆ ಬಂದ ಬೋಲ್ಟುಗಳನ್ನೇ ಬಳಸಬೇಕು; ಕೈಗೆ ಸಿಕ್ಕ ಬೋಲ್ಟು ದಪ್ಪದಲ್ಲಿ ಒಂದೇ ಆಗಿದ್ದರೂ ಅದರ ತಲೆಯ ಮೇಲಿನ 8.8 ಅಥವಾ 10.9 ಎಂಬ ಬಲದ ದರ್ಜೆ ಬೇರೆಯಾಗಿರಬಹುದು. ಬಿಗಿಯುವಾಗ ಮೊದಲು ಎಲ್ಲವನ್ನೂ ಕೈಯಲ್ಲಿ ಕೂರಿಸಿ, ಹಿಚ್ ನೇರವಾಗಿದೆಯೇ ಎಂದು ನೋಡಿ, ಬಳಿಕ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದಷ್ಟೇ ಬಿಗಿಯಬೇಕು. ತೋಳ್ಬಲದ ಅಂದಾಜು ಇಲ್ಲಿ ನಡೆಯುವುದಿಲ್ಲ. ಮೊದಲ 80–100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸುವುದು ಅಗತ್ಯ, ಏಕೆಂದರೆ ನಡುವಿನ ಬಣ್ಣದ ಪದರ ಅದುಮಿಕೊಂಡು ಬಿಗಿತ ಸಡಿಲವಾಗಿರಬಹುದು.

ಟ್ರೇಲರಿನ ದೀಪಗಳಿಗೆ ವಾಹನದ ಹಿಂದಿನ ದೀಪದ ತಂತಿಯನ್ನೇ ಸೀಳಿ ಜೋಡಿಸಬಹುದೆಂದು ನಿಮ್ಮ ಬರಹ ಹೇಳಿದ್ದು ಹಳೆಯ ವಾಹನಗಳಿಗೆ ಸರಿ. ಹೊಸ ವಾಹನಗಳಲ್ಲಿ ಹಾಗೆ ಜೋಡಿಸಿದರೆ ವಾಹನದ ಕಂಪ್ಯೂಟರ್ ಅದನ್ನು ದೋಷವೆಂದು ಗ್ರಹಿಸಬಹುದು. ಆದ್ದರಿಂದ ಆ ಮಾದರಿಗೆಂದೇ ಇರುವ ವೈರಿಂಗ್ ಕಿಟ್ ಹಾಕಿಸುವುದು ಲೇಸು. ಸುರಕ್ಷತಾ ಸರಪಳಿಗಳನ್ನು ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯುವಂತೆ ಕಟ್ಟಬೇಕೆಂದು ಬರಹದಲ್ಲಿತ್ತು, ಕಾರಣ ಮಾತ್ರ ಇರಲಿಲ್ಲ: ಕಪ್ಲರ್ ಕಳಚಿದರೆ ಮೂಕಿ ರಸ್ತೆಗೆ ನಾಟಿಕೊಳ್ಳದೆ ಆ ಸರಪಳಿಗಳ ತೊಟ್ಟಿಲಿನಲ್ಲಿ ನಿಲ್ಲುತ್ತದೆ.

ಇಂತಿ,
ಪಿಕಪ್ ಓಡಿಸುವ ಓದುಗ